ಮೂವತ್ತೊಂದನೇ ಸಾಲಿನಲ್ಲಿ ಅಪ್ಪನ ಎರಡು ಸೀಟು

ಲಿಂಡ್‌ಗ್ರೋವ್
೧೯ ಏಪ್ರಿಲ್ ೨೦೧೪, ಶನಿವಾರ

ಪ್ರೀತಿಯ ಆರ್ಡಿತ್,

ಕ್ರಿಸ್‌ಮಸ್‌ಗೆ ನೀನು ಬರೆದ ಕಾಗದಕ್ಕೆ ಈಸ್ಟರ್‌ನ ಹಿಂದಿನ ದಿನ ಉತ್ತರ ಬರೆಯಲು ಕೂತಿದ್ದೇನೆ. ಬೈಯಬೇಡ. ಬೈಯಲೇಬೇಕು ಅನ್ನಿಸಿದರೆ ಪೂರ್ತಿ ಓದಿ ಆಮೇಲೆ ಬೈ. ಚಳಿ ಜಾಸ್ತಿ ಇತ್ತು, ಕೈಬೆರಳು ಮರಗಟ್ಟಿದ್ದವು ಅಂತೆಲ್ಲ ನೆಪ ಹೇಳಬಹುದು. ನಿಜ ಏನೆಂದರೆ, ನಿನಗೆ ಬರೆಯಲು ಕೂತಾಗಲೆಲ್ಲ ನಾನು ಹೇಳಿದ್ದ ಒಂದು ಸುಳ್ಳು ಅಡ್ಡ ಬರುತ್ತಿತ್ತು.

ನಾನು ಚೆನ್ನಾಗಿದ್ದೇನೆ, ಮೊಣಕಾಲು ಮಾತ್ರ ನನ್ನ ಮಾತು ಕೇಳುವುದಿಲ್ಲ. ನಾಳೆಗೆಂದು ಒಣ ಪ್ಲಮ್ ಹೂರಣ ತುಂಬಿ ಕೊಲಾಚಿ ಬನ್ನು ಸುಟ್ಟಿದ್ದೇನೆ. ಮೊದಲ ತಟ್ಟೆ ಸೀದು ಹೋಯಿತು, ಯಾರಿಗೂ ತೋರಿಸದೆ ನಾನೇ ತಿಂದು ಮುಗಿಸಿದೆ. ಇನ್ನು ವಿಷಯಕ್ಕೆ ಬರುತ್ತೇನೆ. ಯೂನಿವರ್ಸಿಟಿ ಮೈದಾನದಲ್ಲಿ ಅಪ್ಪ ವರ್ಷವರ್ಷವೂ ಕೊಳ್ಳುತ್ತಿದ್ದ ಎರಡು ಫುಟ್‌ಬಾಲ್ ಸೀಟುಗಳು ಇನ್ನೂ ನಮ್ಮ ಹತ್ತಿರವೇ ಇವೆ. ಇದೇ ಮೂವತ್ತನೇ ತಾರೀಖು ಬುಧವಾರ ಸಂಜೆ ಐದರೊಳಗೆ ಒಂದು ಸಹಿ ಬೀಳದಿದ್ದರೆ ಇರುವುದಿಲ್ಲ.

ಅಪ್ಪನನ್ನು ಮಣ್ಣು ಮಾಡಿ ಬಂದು ಚರ್ಚಿನ ಕೆಳಗಿನ ಹಾಲಿನಲ್ಲಿ ಊಟಕ್ಕೆ ಕೂತಿದ್ದಾಗ ನೀನು ಕೇಳಿದೆ, ನೆನಪಿದೆಯಾ? "ಅಕ್ಕಾ, ಅಪ್ಪನ ಸೀಟು ಏನಾಯ್ತೇ?" ನಾನು ಆಲೂಗಡ್ಡೆ ಬಡಿಸಿಕೊಳ್ಳುತ್ತಾ, "ಯೂನಿವರ್ಸಿಟಿಯವ್ರು ವಾಪಸ್ ತಗೊಂಡ್ರು ಕಣೇ" ಅಂದೆ. ತಗೊಂಡಿರಲಿಲ್ಲ. ಅಪ್ಪ ಸತ್ತ ಸಂಗತಿಯನ್ನೇ ನಾನು ಅವರಿಗೆ ಹೇಳಿರಲಿಲ್ಲ. ಏಳು ವರ್ಷದಿಂದ ಪ್ರತಿ ಫೆಬ್ರವರಿಯಲ್ಲಿ ಎಮಿಲ್ ವ್ಲಾಸಾಕ್ ಅಂತ ಅಪ್ಪನ ಹಾಗೇ ಕೊಕ್ಕೆ ಹಾಕಿ ಸಹಿ ಮಾಡಿ, ದುಡ್ಡು ಕಟ್ಟಿ, ಟಿಕೆಟ್ ತರಿಸಿಕೊಳ್ಳುತ್ತಿದ್ದೆ. ಯಾರದೋ ಟಿಕೆಟ್ ಕೊಂಡು ಆಟಕ್ಕೆ ಹೋಗುತ್ತೇನೆಂದು ನಿನಗೆ ಬರೆಯುತ್ತಿದ್ದುದೂ ಸುಳ್ಳೇ.

ಅಂಕಗಳ ವಿಷಯ ನಿನಗೂ ಗೊತ್ತಲ್ಲ. ಒಂದು ವರ್ಷವೂ ತಪ್ಪದೆ ಟಿಕೆಟ್ ಕೊಂಡರೆ ಇಷ್ಟು, ಕಾಣಿಕೆ ಕೊಟ್ಟರೆ ಇಷ್ಟು ಎಂದು ಅಂಕ ಸೇರುತ್ತಾ ಹೋಗುತ್ತದೆ. ಅಂಕ ಹೆಚ್ಚಿದ್ದವರಿಗೆ ಮೈದಾನದ ನಡುಗೆರೆಯ ಹತ್ತಿರ ಸೀಟು. ಅಪ್ಪ ಯುದ್ಧ ಮುಗಿಸಿ ಬಂದ ವರ್ಷ, ೧೯೪೬ರಲ್ಲಿ, ಟ್ರ್ಯಾಕ್ಟರಿಗೆ ಕೂಡಿಟ್ಟ ದುಡ್ಡಲ್ಲಿ ಆ ಎರಡು ಸೀಟು ಕೊಂಡವನು. ಅಮ್ಮ ಆರು ತಿಂಗಳು ಅದನ್ನೇ ಎತ್ತಿ ಆಡಿದ್ದಳಂತೆ, ಆಮೇಲೆ ಅವಳೇ ಅಪ್ಪನಿಗಿಂತ ಜೋರಾಗಿ ಕಿರುಚುವವಳಾದಳು. ಸತ್ತನೆಂದು ಹೇಳಿದರೆ ಅಷ್ಟು ವರ್ಷದ ಅಂಕವೆಲ್ಲ ಮಣ್ಣುಪಾಲು ಎಂದು ಎಲ್ಲರೂ ಹೆದರುತ್ತಾರೆ. ಅದಕ್ಕೇ ನಮ್ಮ ಸಾಲಿನಲ್ಲಿ ಸತ್ತವರು ಮೂವರು ಟಿಕೆಟ್ ಕೊಳ್ಳುತ್ತಾರೆ. ಒಬ್ಬರು ಇನ್ನೊಬ್ಬರ ಬಗ್ಗೆ ತುಟಿ ಪಿಟಕ್ ಅನ್ನುವುದಿಲ್ಲ. ಹಿಂದಿನ ಸಾಲಿನ ಗೇಲನ್ ಮಾತ್ರ ಪ್ರತಿ ಶನಿವಾರ ಖಾಲಿ ಸೀಟು ತೋರಿಸಿ, "ಏನ್ ಡೆಲೋರಿಸ್, ನಿಮ್ಮಪ್ಪ ಇನ್ನೂ ಪಾಯಿಖಾನೆಯಿಂದ ಬಂದಿಲ್ವಾ? ಏಳು ವರ್ಷ ಆಯ್ತಲ್ಲಮ್ಮಾ!" ಅನ್ನುತ್ತಿದ್ದ. ನಾನು, "ಕ್ಯೂ ಉದ್ದ ಇದೆ ಗೇಲನ್, ನಿನಗೂ ಜಾಗ ಹಿಡಿದಿಟ್ಟಿದಾರೆ" ಅನ್ನುತ್ತಿದ್ದೆ.

ಹೀಗಿರುವಾಗ ಈ ತಿಂಗಳ ಮೊದಲ ವಾರ ಫೋನು ಬಂತು. ಟಿಕೆಟ್ ಆಫೀಸಿನ ಕೆಂಡ್ರಾ ಅಂತೆ, ದನಿ ಜೇನಿನ ಹಾಗಿತ್ತು. "ಎಮಿಲ್ ಅವರ ಜೊತೆ ಮಾತಾಡ್ಬಹುದಾ?"

"ಮಲಗಿದಾರೆ" ಅಂದುಬಿಟ್ಟೆ.

"ಎಬ್ಬಿಸ್ಬೇಡಿ, ಎಬ್ಬಿಸ್ಬೇಡಿ. ಬರೋ ಸೆಪ್ಟೆಂಬರ್‌ಗೆ ಅವರಿಗೆ ನೂರಾ ಎರಡು ತುಂಬತ್ತಲ್ವಾ? ನಮ್ಮ ಅತಿ ಹಿರಿಯ ಪ್ರೇಕ್ಷಕರು ಅವ್ರು. ಮೊದಲ್ನೇ ಆಟದ ದಿನ ಮೈದಾನದ ಮಧ್ಯ ಕರ್ಕೊಂಡೋಗಿ ಸನ್ಮಾನ ಮಾಡ್ಬೇಕು ಅಂತಿದೀವಿ. ಗಾಲಿಕುರ್ಚಿ, ಲಿಫ್ಟು, ಎಲ್ಲಾ ನಮ್ದೇ. ನಡೀತಾರಾ ಅವ್ರು?"

"ಇತ್ತೀಚೆಗೆ ಅಷ್ಟಾಗಿ ನಡೆಯಲ್ಲ" ಅಂದೆ ಕಣೇ! ನಗಬೇಡ. ಫೋನಿಟ್ಟು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಎಂಬತ್ತೊಂದು ಸಾವಿರ ಜನ ಎದ್ದು ನಿಂತು ಚಪ್ಪಾಳೆ ತಟ್ಟುವಾಗ ಖಾಲಿ ಗಾಲಿಕುರ್ಚಿ ತಳ್ಳಿಕೊಂಡು ಹೋಗಲಾ? ಅದೇ ವಾರ ಆಫೀಸಿನಿಂದ ಕಾಗದವೂ ಬಂತು. ನಮ್ಮ ಕಡೆಯ ಹಳೆಯ ಹಲಗೆ ಬೆಂಚುಗಳನ್ನು ಕಿತ್ತು ಒರಗುವ ಕುರ್ಚಿ ಹಾಕಿದ್ದಾರಂತೆ, ಸೀಟು ಹೊಂದಿದವರು ತಿಂಗಳ ಕೊನೆಯೊಳಗೆ ಹೊಸ ಕರಾರಿಗೆ ಸಹಿ ಹಾಕಬೇಕಂತೆ, ಇಲ್ಲದಿದ್ದರೆ ಸೀಟು ಪಾಳಿಯಲ್ಲಿ ಮುಂದಿನವರಿಗೆ. ಸತ್ತವನ ಸಹಿ ಇನ್ನು ನಡೆಯುವುದಿಲ್ಲ, ಗುರುತಿನ ಚೀಟಿ ಕೇಳುತ್ತಾರೆ. ಮೊನ್ನೆ ಮಂಗಳವಾರ ಒಳ್ಳೆಯ ಕೋಟು ಹಾಕಿಕೊಂಡು, ನಿಜ ಹೇಳಿಬಿಡೋಣವೆಂದು ಹೊರಟೆ.

ನಾನು ಬಾಯಿ ಬಿಡುವ ಮುಂಚೆಯೇ ಕೆಂಡ್ರಾ, "ಅಪ್ಪನ ಪರವಾಗಿ ಬಂದ್ರಾ? ಬನ್ನಿ ಬನ್ನಿ, ಮೊದ್ಲು ತೋರಿಸ್ತೀನಿ" ಎಂದು ಕೈಹಿಡಿದು ಲಿಫ್ಟಿಗೆ ಹತ್ತಿಸಿದಳು. ನಲವತ್ತರ ಹತ್ತಿರದ ಹೆಂಗಸು, ನಡಿಗೆ ಮಾತು ಎರಡೂ ಓಟ. ಲಿಫ್ಟಿನ ಬಾಗಿಲು ತೆರೆಯಿತು ನೋಡು, ಅಬ್ಬಬ್ಬಾ, ಆರ್ಡಿತ್! ನೆಲಕ್ಕೆ ರತ್ನಗಂಬಳಿ, ಕಣಿವೆಯುದ್ದಕ್ಕೂ ಹಾಸಿದ ಹಾಗೆ. ಒಂದು ಪಕ್ಕ ನೆಲದಿಂದ ಚಾವಣಿಯವರೆಗೆ ಗಾಜು. ಬೆಚ್ಚಗಿನ ಗಾಳಿ. ನಮ್ಮ ಚರ್ಚಿನಷ್ಟು ದೊಡ್ಡ ಅಡುಗೆಮನೆ. ಇಪ್ಪತ್ತೆರಡು ವರ್ಷ ನಾನು ನವೆಂಬರ್ ಹಿಮದಲ್ಲಿ ಅಪ್ಪನ ಕಾಲಿಗೆ ಕಂಬಳಿ ಸುತ್ತಿ, ಫ್ಲಾಸ್ಕಿನ ಕಾಫಿ ಕುಡಿಸಿದ ಜಾಗದ ಹತ್ತು ಅಡಿ ಹಿಂದೆ ಇದೆಲ್ಲ ಎದ್ದು ನಿಂತಿದೆ. ನಾನು ಕೋಟಿನ ಗುಂಡಿ ಬಿಚ್ಚುವುದನ್ನೂ ಮರೆತು ನಿಂತುಬಿಟ್ಟೆ.

ಮೇಲಿನ ಅಂತಸ್ತಿನಲ್ಲಿ ಸಾಲಾಗಿ ಖಾಸಗಿ ಕೋಣೆಗಳು, ಒಟ್ಟು ನಲವತ್ತೆರಡು. ಒಂದೊಂದರಲ್ಲೂ ಸೋಫಾ, ಫ್ರಿಜ್ಜು, ಎರಡು ಟಿವಿ. ಕಿಟಕಿಯಾಚೆ ಆಟ ನಡೆಯುವಾಗ ಒಳಗೆ ಟಿವಿಯಲ್ಲಿ ಅದೇ ಆಟ!

"ಇದಕ್ಕೆ ಎಷ್ಟು ತಾಯಿ?" ಅಂದೆ.

"ವರ್ಷಕ್ಕೆ ಅರವತ್ತೈದು ಸಾವಿರ ಡಾಲರ್. ಟಿಕೆಟ್ ಬೇರೆ, ಊಟ ಬೇರೆ. ಹತ್ತು ವರ್ಷಕ್ಕೆ ಒಟ್ಟಿಗೆ ಸಹಿ ಹಾಕ್ಬೇಕು."

"ಯಾರು ತಗೋತಾರೆ ಪುಣ್ಯಾತ್ಮರು?"

"ತಗೊಂಡಾಯ್ತು ಮೇಡಂ. ಕಬ್ಬಿಣದ ಕಂಬ ನಿಲ್ಸೋಕ್ ಮುಂಚೇನೇ ನಲವತ್ತೆರಡೂ ಹೋದ್ವು. ಇನ್ನೂ ನೂರಾ ಹತ್ತು ಜನ ಪಾಳೀಲಿ ಕಾಯ್ತಿದಾರೆ. ಯಾರಾದ್ರೂ ಬಿಟ್ರೆ ಸಿಗತ್ತೆ, ಯಾರೂ ಬಿಡಲ್ಲ."

ಅವಳು ಲೆಕ್ಕವನ್ನೂ ಹೇಳಿದಳು. ಆ ಕೋಣೆಗಳು, ಕೆಳಗಿನ ಒರಗು ಕುರ್ಚಿಗಳು ಎಲ್ಲ ಸೇರಿಸಿದರೂ ನೂರಕ್ಕೆ ನಾಲ್ಕು ಸೀಟು. ಸೀಟಿನಿಂದ ಬರುವ ದುಡ್ಡಿನಲ್ಲಿ ಮಾತ್ರ ಮೂರರಲ್ಲಿ ಒಂದು ಪಾಲು ಅವುಗಳದ್ದೇ. "ನೋಡಿ, ಈ ಕಟ್ಟಡ ವರ್ಷಕ್ಕೆ ಏಳೇ ಏಳು ಶನಿವಾರ ದುಡಿಯೋದು" ಅಂದಳು. "ಆ ಏಳು ದಿನದ ದುಡಿಮೇಲಿ ಈಜೋರು, ಕುಸ್ತಿಯೋರು, ವಾಲಿಬಾಲ್ ಹುಡುಗೀರು, ಇಪ್ಪತ್ತೆರಡು ತಂಡ ವರ್ಷವಿಡೀ ಬದುಕ್ಬೇಕು." ನನಗೆ ನಮ್ಮ ಮನೆಯ ಸುಗ್ಗಿ ನೆನಪಾಯಿತು. ಏಳು ದಿನ ಕೊಯ್ದು ವರ್ಷ ಉಣ್ಣುವುದು ಈ ಸೀಮೆಯವರಿಗೆ ಹೊಸದೇನಲ್ಲ. ಆದರೂ ಹಲಗೆಯ ಮೇಲೆ ಹದಿನೆಂಟು ಅಂಗುಲ ಜಾಗಕ್ಕೆ ಗೆರೆ ಎಳೆದು ನಂಬರು ಬರೆದು, ಅಷ್ಟರಿಂದಲೇ ಇಂಥದ್ದೊಂದನ್ನು ಕಟ್ಟಿ ನಿಲ್ಲಿಸುತ್ತಾರಲ್ಲ, ಮನುಷ್ಯರ ಈ ಹುಚ್ಚಿಗೆ ಕೈಮುಗಿಯಬೇಕು ಅನ್ನಿಸಿತು.

ಒಂದು ತಮಾಷೆ ಕೇಳು. ಗಾಜು ಮುಚ್ಚಿದರೆ ಜನರ ಕೂಗು ಒಳಗೆ ಕೇಳುವುದಿಲ್ಲವಂತೆ. ಅದಕ್ಕೆ ಹೊರಗೆ ಮೈಕು ಇಟ್ಟು, ಒಳಗೆ ಸ್ಪೀಕರಿನಲ್ಲಿ ಗದ್ದಲ ಬಿಡುತ್ತಾರಂತೆ. ಕೆಂಡ್ರಾ ಹೋದ ವರ್ಷದ ಆಟದ್ದೊಂದು ಗದ್ದಲ ಹಾಕಿ ಕೇಳಿಸಿದಳು. ಮೈದಾನ ಪೂರ್ತಿ ಖಾಲಿ, ಏಪ್ರಿಲ್ ಬಿಸಿಲು, ಒಂದು ನರಪಿಳ್ಳೆಯಿಲ್ಲ. ಕೋಣೆಯ ತುಂಬ ಎಂಬತ್ತೊಂದು ಸಾವಿರ ಜನರ ಭೋರ್ಗರೆತ. ಆ ಸದ್ದಿನಲ್ಲಿ ಎಲ್ಲೋ ನನ್ನ ದನಿಯೂ ಇರಬೇಕು. ಅಪ್ಪನದು ಇಲ್ಲ. ಅಲ್ಲೇ ಅಳು ಬಂತು.

"ಕೆಂಡ್ರಾ, ನಮ್ಮಪ್ಪ ತೀರ್ಕೊಂಡು ಏಳು ವರ್ಷ ಆಯ್ತು" ಅಂದೆ.

ಅವಳು ಸ್ಪೀಕರ್ ಆರಿಸಿದಳು. "ಫೋನಲ್ಲಿ ಮಲಗಿದಾರೆ ಅಂದ್ರಲ್ಲ?"

"ಹೌದು, ಸ್ಮಶಾನದಲ್ಲಿ."

ಬೈಯುತ್ತಾಳೆ, ಪೊಲೀಸರನ್ನು ಕರೆಯುತ್ತಾಳೆ ಅಂದುಕೊಂಡೆ. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಬೇರೆ ಕಡೆ ತಿರುಗಿದಳು, ಭುಜ ಮಾತ್ರ ಕುಣಿಯುತ್ತಿತ್ತು. ನಗುತ್ತಿದ್ದಳು! ಆಮೇಲೆ ಮುಖ ಗಂಟು ಹಾಕಿಕೊಂಡು, "ಇದು ತಪ್ಪು ಮೇಡಂ. ಸೀಟು ಕಿತ್ತುಕೊಳ್ಳೋ ಹಕ್ಕು ನಮಗಿದೆ" ಅಂದಳು. ಕೆಳಗೆ ಕರೆದುಕೊಂಡು ಹೋಗಿ, ಅಪ್ಪನ ಫೈಲು ಎತ್ತಿಕೊಂಡು ಸಾಹೇಬರ ಕೋಣೆಗೆ ಹೋದಳು. ಇಪ್ಪತ್ತು ನಿಮಿಷ ಆ ಮುಚ್ಚಿದ ಬಾಗಿಲು ನೋಡುತ್ತಾ ಕೂತಿದ್ದೆ. ಅಪ್ಪನ ಅರವತ್ತೆಂಟು ವರ್ಷವನ್ನು ನನ್ನ ಕೈಯಾರೆ ಕಳೆದೆನಲ್ಲಾ ಎಂದುಕೊಂಡೆ.

ಅವಳು ಬಂದು ಹೇಳಿದ್ದು ಇಷ್ಟು. ಸತ್ತ ಮೇಲೆ ಅಪ್ಪ ಗಳಿಸಿದ ಏಳು ವರ್ಷದ ಅಂಕ ವಜಾ. ಬದುಕಿದ್ದಾಗಿನ ಅಂಕ ಒಂದೂ ಹೋಗುವುದಿಲ್ಲ. ಒಂದೇ ಒಂದು ಸಲ, ಮಕ್ಕಳಲ್ಲಿ ಒಬ್ಬರ ಹೆಸರಿಗೆ ಅದು ದಾಟಬಹುದು. ಇಡೀ ಯೂನಿವರ್ಸಿಟಿಯ ಅಂಕದ ಪಟ್ಟಿಯಲ್ಲಿ ಅಪ್ಪ ಹತ್ತೊಂಬತ್ತನೆಯವನಾಗಿದ್ದನಂತೆ, ಈಗ ಮೂವತ್ತಾರಕ್ಕೆ ಇಳಿದಿದ್ದಾನೆ. ಆದರೂ ಅದೇ ಮೂವತ್ತೊಂದನೇ ಸಾಲು, ಅದೇ ನಡುಗೆರೆ. ಹಲಗೆ ಹೋಗಿ ಕುರ್ಚಿ ಬಂದಿದೆ. ವರ್ಷಕ್ಕೆ ಸೀಟಿಗೆ ಎರಡು ಸಾವಿರ ಡಾಲರ್ ಕಾಣಿಕೆ, ಟಿಕೆಟ್ಟಿನ ದುಡ್ಡು ಬೇರೆ.

ಹಾಗಾಗಿ ಈ ಲಕೋಟೆಯಲ್ಲಿ ಒಂದು ನೀಲಿ ಕಾಗದ ಇಟ್ಟಿದ್ದೇನೆ. ಅದಕ್ಕೆ ನೀನು ಸಹಿ ಹಾಕಿ, ಗುರುತಿನ ಚೀಟಿಯ ನಕಲು ಸೇರಿಸಿ, ಮೂವತ್ತನೇ ತಾರೀಖಿನ ಬುಧವಾರದೊಳಗೆ ಮುಟ್ಟುವ ಹಾಗೆ ಕೆಂಡ್ರಾಳಿಗೆ ಕಳಿಸು. ಮೊದಲ ವರ್ಷದ ಕಾಣಿಕೆ ನಾನು ಕಟ್ಟಿಬಿಟ್ಟಿದ್ದೇನೆ, ಅದರ ಮಾತೆತ್ತಬೇಡ. ನನ್ನ ಹೆಸರಿಗೇ ಯಾಕೆ ಬೇಡ ಅಂತೀಯಾ? ನನಗೆ ಎಪ್ಪತ್ತಾಯಿತು, ಮೊಣಕಾಲು ಮೆಟ್ಟಿಲು ಹತ್ತುವುದಿಲ್ಲ. ನೀನು ನಾಲ್ಕು ವರ್ಷ ಚಿಕ್ಕವಳು. ಸೀಟು ಮನೆಯಲ್ಲಿ ಉಳಿಯಬೇಕು, ಅಷ್ಟೇ.

ವೈಯೋಮಿಂಗಿನಲ್ಲಿ ಗಾಳಿ ತಗ್ಗಿದೆಯಾ? ಮೊಮ್ಮಗಳ ಹಲ್ಲು ಬಂತಾ? ನಿನ್ನ ಮನೆಯ ಒಲೆ ಸದಾ ಬೆಚ್ಚಗಿರಲಿ, ನಿನ್ನವರೆಲ್ಲ ನಿನ್ನ ಮಾತಿಗೆ ಓಗೊಡಲಿ, ದೇವರು ನಿನ್ನ ಕಾಲುಗಳನ್ನು ನನ್ನ ಕಾಲುಗಳಂತೆ ಮಾಡದಿರಲಿ.

ನಿನ್ನ ಅಕ್ಕ,
ಡೆಲೋರಿಸ್

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದೆ. ಮೊಣಕಾಲು ಕಾರಣ ಅಲ್ಲ. ಅಲ್ಲಿ ಲಿಫ್ಟ್ ಇದೆಯೆಂದು ನಾನೇ ಬರೆದಿದ್ದೇನೆ, ನೀನು ಹೇಗೂ ಹಿಡಿಯುತ್ತಿದ್ದೆ. ಅಂಕ ಹೋಗುತ್ತದೆಂಬ ಭಯಕ್ಕೂ ನಾನು ಅಪ್ಪನನ್ನು ಬದುಕಿಸಿ ಇಟ್ಟುಕೊಂಡಿರಲಿಲ್ಲ.

ಆಸ್ಪತ್ರೆಯಲ್ಲಿ ಕೊನೆಯ ವಾರ ಅಪ್ಪ ನನ್ನ ಕೈ ಹಿಡಿದು, "ಡೆಲೋರಿಸ್, ಆಫೀಸಿನವ್ರು ಕಾರ್ಡ್ ಕಳಿಸಿದ್ರು, ನಾನ್ ಹೋದ್ಮೇಲೆ ಸೀಟು ಯಾರಿಗೆ ಅಂತ. ಆರ್ಡಿತ್ ಹೆಸ್ರು ಬರ್ದಿದೀನಿ. ಅವಳಿಗೆ ಹೇಳ್ಬಿಡು" ಅಂದ. ಇನ್ನೂ ಏನೋ ಹೇಳಲು ಬಾಯಿ ತೆರೆದ. ನಾನು ಕೈ ಬಿಡಿಸಿಕೊಂಡು ಹೊರಗೆ ಹೋದೆ. ಅಮ್ಮ ಹೋದಾಗಿನಿಂದ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದವಳು ನಾನು, ಮೆಟ್ಟಿಲು ಹತ್ತಿಸಿದವಳು ನಾನು, ಮನೆಗೆ ತಂದು ಬಿಸಿನೀರಿನಲ್ಲಿ ಕಾಲು ತೊಳೆದವಳು ನಾನು. ಮದುವೆಯಾಗಿ ದೂರ ಹೋಗಿ ಒಂದು ಆಟಕ್ಕೂ ಬಾರದ ನಿನ್ನ ಹೆಸರು ಬರೆದ. ನನಗೆ ಹೊಟ್ಟೆ ಉರಿದುಹೋಯಿತು. ಅಪ್ಪ ಸತ್ತನೆಂದು ಹೇಳಿದರೆ ಅವರು ಆ ಕಾರ್ಡು ತೆಗೆಯುತ್ತಿದ್ದರು. ಅದಕ್ಕೇ ಹೇಳಲಿಲ್ಲ.

ಮಂಗಳವಾರ ಕೆಂಡ್ರಾ ಆ ಕಾರ್ಡು ಮೇಜಿನ ಮೇಲಿಟ್ಟಳು. ನಿನ್ನ ಹೆಸರಿನ ಕೆಳಗೆ 'ಕಾರಣ' ಎಂದು ಒಂದು ಗೆರೆ, ಯಾರೂ ತುಂಬದೆ ಬಿಡುವಂಥದ್ದು. ಅಪ್ಪ ಪೆನ್ಸಿಲಿನಲ್ಲಿ ತುಂಬಿದ್ದ: "ಡೆಲೋರಿಸ್ ಹೇಗಿದ್ರೂ ಬರ್ತಾಳೆ. ಸೀಟು ಇದ್ರೆ ಆರ್ಡಿತ್ತೂ ಊರಿಗೆ ಬರ್ತಾಳೆ. ಇಬ್ರೂ ಒಟ್ಟಿಗೆ ಕೂತ್ಕೊಳ್ಲಿ." ಇದನ್ನು ಹೇಳುವುದಕ್ಕೇ ಅವನು ಬಾಯಿ ತೆರೆದಿದ್ದ, ಕೇಳಲು ನಾನು ನಿಲ್ಲಲಿಲ್ಲ.

ಸಹಿ ಹಾಕು ಆರ್ಡಿತ್. ಎರಡನೇ ಸೀಟಿನಲ್ಲಿ ಯಾರನ್ನು ಕೂರಿಸಿಕೊಳ್ಳುತ್ತೀಯೋ ನಿನ್ನಿಷ್ಟ. ನನ್ನನ್ನೇ ಕರೆ ಎಂದು ಕೇಳುವ ಮುಖ ನನಗಿಲ್ಲ.