ಎಡೆಯ ಮುದ್ದೆ

ಮಾರ್ಚ್ ೯, ಭಾನುವಾರ

ತೋಳು ಇನ್ನೂ ನಡುಗುತ್ತಿದೆ, ಅಕ್ಷರ ಸೊಟ್ಟ. ಡಾಕ್ಟರ ಮಾತು ದಿನವಿಡೀ ಬಿಡಲಿಲ್ಲ: ಸ್ನಾಯುವಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಡಿಎನ್ಎ ಅಲ್ಲಲ್ಲಿ ತುಂಡಾಗಿದೆ, ವಯಸ್ಸಿನ ಸವೆತ. ಆ ಡಿಎನ್ಎ ತಾಯಿಯಿಂದ ಮಾತ್ರ ಬರುವುದಂತೆ. ಅಮ್ಮ ಇಡಿಯಾಗಿ ಕೊಟ್ಟದ್ದನ್ನು ನಾನು ಸವೆಸಿದ್ದೇನೆ.

ಇಂದು ತಿಪ್ಪಸಂದ್ರದ ತಮ್ಮನ ಮನೆಯಲ್ಲಿ ಅಮ್ಮನ ವರ್ಷದ ತಿಥಿಯ ಎಡೆ. ಆ ದಿನದ ಮುದ್ದೆ ತಿರುವುವುದು ಹಿರಿಯ ಮಗಳಾದ ನನ್ನ ಪಾಲು. ತಮ್ಮನ ಹೆಂಡತಿ ಭವ್ಯ ಮುದ್ದೆಕೋಲನ್ನು ತಾನೇ ಹಿಡಿದುಕೊಂಡಳು.

"ಬಿಡಿ ಅತ್ಗೆ, ನಿಮ್ ಕೈಲಾಗಲ್ಲ ಅಂತ ಡಾಕ್ಟ್ರೇ ಹೇಳವ್ರಲ್ಲ."

"ಹೇಳಿದ್ದು ಡಾಕ್ಟ್ರು. ಕೈ ಇನ್ನೂ ಏನೂ ಹೇಳಿಲ್ಲ. ಕೊಡಮ್ಮ."

ಅರ್ಧಕ್ಕೇ ಕೈ ಸೋತಿತು. ಮೈಭಾರವನ್ನೆಲ್ಲ ಕೋಲಿನ ಮೇಲೆ ಹಾಕಿ ಮುಗಿಸಿದೆ. ಅಮ್ಮನ ಎಡೆಗೂ ಅದೇ ಮುದ್ದೆ ಇಟ್ಟೆ. ಊಟಕ್ಕೆ ಕೂತ ತಮ್ಮ ಕೆಂಪರಾಜ್ ಮೊದಲ ತುತ್ತಿಗೇ ಮುಖ ಎತ್ತಿದ.

"ಅಕ್ಕಾ, ಹಿಟ್ಟು ಗಂಟುಗಂಟಾಗೈತೆ."

"ಮುದ್ದೆ ಅಗಿಯೋನು ನೀನೊಬ್ನೇ ಕಣೋ. ನುಂಗು."

ನುಂಗಿದ. ಎಲ್ಲರೂ ನುಂಗಿದರು.

ಮುಂದಿನ ವರ್ಷ ಗಂಟು ಇನ್ನೂ ಹೆಚ್ಚಬಹುದು. ಹೆಚ್ಚಲಿ. ಬರುವಾಗ ಮುದ್ದೆಕೋಲನ್ನು ನನ್ನ ಚೀಲಕ್ಕೆ ತುರುಕಿಕೊಂಡು ಬಂದಿದ್ದೇನೆ. ನಾಳೆ ಭವ್ಯ ಹುಡುಕಲಿ.