ಬಲಗಡೆಯ ಮುಳ್ಳು

ಏಪ್ರಿಲ್ 1, ಮಂಗಳವಾರ

ಎಂದಿನಂತೆ ಎದ್ದ ಕೂಡಲೇ ಕಾರಿನ ರೇಡಿಯೇಟರಿಗೆ ನೀರು. ಎರಡು ಲೀಟರ್ ಕುಡಿಯಿತು. ನಿನ್ನೆಯೂ ಎರಡು. ಎಲ್ಲಿ ಹೋಗುತ್ತದೋ, ಕೆಳಗೆ ಒಂದು ಹನಿ ಇಲ್ಲ. ಎಡಗಡೆ ಗಾಜು ಇಳಿದದ್ದು ಏರಲಿಲ್ಲ, ರಟ್ಟು ತುರುಕಿದೆ. ಹಿಂದಿನ ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ.

ಗಿರಾಕಿಗಳಿಗೆ ಎರಡು ಕೇಕ್ ಮುಟ್ಟಿಸಿ ಬಂದೆವು. ದಾರಿಯುದ್ದಕ್ಕೂ ಗಂಡ ರೆಂಬೆರ್ತೊ ಜೊತೆ ಬಿಸಿ ಮೀಟರಿನ ಮುಳ್ಳಿನದೇ ಮಾತು.

"ಎಷ್ಟಿದೆ?"

"ಮಧ್ಯ."

"ಈಗ?"

"ಮಧ್ಯಾನೇ ಮಾರಾಯ್ತಿ. ನೀನು ರಸ್ತೆ ನೋಡು."

ಜಪಾನಿನಲ್ಲಿ ಇಪ್ಪತ್ತು ವರ್ಷ ಓಡಿ ಸವೆದ ಕಾರು. ಬಂದದ್ದು ಬಲಗಡೆ ಸ್ಟೇರಿಂಗ್ ಇಟ್ಟುಕೊಂಡು. ಇಲ್ಲಿ ಸ್ಟೇರಿಂಗ್ ಎಡಕ್ಕೇ ಇರಬೇಕೆಂದು ಯಾವನೋ ಪುಣ್ಯಾತ್ಮ ಅದನ್ನು ಕಿತ್ತು ಆ ಕಡೆ ಹಾಕಿದ, ಮೀಟರುಗಳನ್ನು ಇದ್ದಲ್ಲೇ ಬಿಟ್ಟ. ನಮ್ಮ ಕೊಚಬಾಂಬಾದಲ್ಲಿ ಇಂಥವು ಬೀದಿಗೆರಡು. ಓಡಿಸುವವಳು ನಾನು, ವೇಗ, ಪೆಟ್ರೋಲು, ಎಂಜಿನ್ನಿನ ಬಿಸಿ ಎಲ್ಲ ಕಾಣುವುದು ಪಕ್ಕದಲ್ಲಿ ಕೂತ ಗಂಡನಿಗೆ. ಬಗ್ಗಿ ನೋಡೋಣವೆಂದರೆ ಕಾರು ಚರಂಡಿಗೆ ಹೋಗುತ್ತದೆ. ನವೆಂಬರಿನಲ್ಲಿ ಹೋಗಿತ್ತು.

ಏಪ್ರಿಲ್ 4, ಶುಕ್ರವಾರ

ತಿಂಗಳ ಮೊದಲ ಶುಕ್ರವಾರ. ರೆಂಬೆರ್ತೊ ಅಂಗಳದಲ್ಲಿ ಕೆಂಡ ಮಾಡಿ ಧೂಪ ಹಾಕಿದ. ಭೂತಾಯಿಗೆ, ಒಲೆಗೆ, ಆಮೇಲೆ ಕಾರಿಗೆ. ನಾಲ್ಕೂ ಚಕ್ರಕ್ಕೆ ಬಿಯರ್ ಚಿಮುಕಿಸಿ ಬಾನೆಟ್ ಸವರಿದ.

"ಅದಕ್ಯಾಕೆ ಹೊಗೆ? ಅದೇ ಬಿಡತ್ತಲ್ಲ" ಎಂದೆ.

ಮಧ್ಯಾಹ್ನ ಮೇಸ್ತ್ರಿ ಸಿಪ್ರಿಯಾನೊ ಗ್ಯಾರೇಜು. ನೀರಿನ ಪಂಪ್ ಹೋಗಿದೆಯಂತೆ. ಮುನ್ನೂರ ಎಂಬತ್ತು ಬೊಲಿವಿಯಾನೊ. ಹೋದ ತಿಂಗಳು ಶಾಕ್ ಅಬ್ಸಾರ್ಬರ್, ಅದಕ್ಕೂ ಮುಂಚೆ ಚಕ್ರದ ಬೇರಿಂಗು. ನನ್ನ ಕಡೆಗೂ ಒಂದು ಬಿಸಿ ಮೀಟರ್ ಹಾಕಿಕೊಡಿ ಎಂದು ಮೂರು ತಿಂಗಳಿಂದ ಬಡಕೊಳ್ಳುತ್ತಿದ್ದೇನೆ.

"ಹಾಕೋಣ ದೋನ್ಯಾ ದೆಲ್ಫಿನಾ. ವೈರ್ ಬಿಚ್ಚಬೇಕು. ಬಿಚ್ಚೋದು ನಾನೇ ಬಿಚ್ತೀನಿ, ಜೋಡಿಸೋಕೆ ಜಪಾನಿಂದ ಯಾರಾದ್ರೂ ಬರಬೇಕು. ಅಷ್ಟಕ್ಕೂ ಯಜಮಾನ್ರು ಇದಾರಲ್ಲ, ಸಂಬಳ ಇಲ್ಲದ ಮೀಟರ್ರು!"

ಗ್ಯಾರೇಜಿಗೆ ಗ್ಯಾರೇಜೇ ನಕ್ಕಿತು. ನಾನೂ ನಕ್ಕೆ.

ಏಪ್ರಿಲ್ 9, ಬುಧವಾರ

ಕಾರಿನೊಳಗೆ ಕಾದ ಕಬ್ಬಿಣದ ವಾಸನೆ. "ಎಷ್ಟಿದೆ?" "ಮಧ್ಯ." ಪಂಪ್ ಹೊಸದು, ಹಾಗೇ ಇರಬೇಕು ಅಂದುಕೊಂಡೆ.

ಮನೆಗೆ ಬಂದರೆ ಕೇಕ್ ಹೇಳಲು ಬಂದ ಹೆಂಗಸು ಬಾಗಿಲಲ್ಲಿ ಕಾಯುತ್ತಿದ್ದಳು. ಅವಳೆದುರೇ ಬಾಯಿಗೆ ಬಂದದ್ದು ಅಂದುಬಿಟ್ಟೆ. "ನೋಡಿ, ನಮ್ಮನೆಯವರ ಬುದ್ಧಿವಂತಿಕೆ ಬೀದೀಲಿ ನಿಂತಿದೆ. ದೊಡ್ಡ ಒಲೆಗೆ ಅಂತ ನಾಲ್ಕು ವರ್ಷ ಕೂಡಿಟ್ಟಿದ್ದು. ಡ್ರೈವಿಂಗೇ ಬಾರದ ಮನುಷ್ಯ ಹೋಗಿ ಕಾರು ತಂದ!"

ರೆಂಬೆರ್ತೊ ಒಳಗೆ ಸಕ್ಕರೆ ಹೂವು ತಿದ್ದುತ್ತಿದ್ದ. ಕಾರು ತಂದ ದಿನ ಒಂದೇ ಮಾತು ಹೇಳಿದ್ದ, ಬಸ್ಸಿನಲ್ಲಿ ಕೇಕ್ ಹೊತ್ತು ನೀನು ಸುಸ್ತಾಗೋದು ನೋಡಕ್ಕಾಗ್ಲಿಲ್ಲ ಅಂತ. ಅದನ್ನು ಆ ಹೆಂಗಸಿಗೆ ಹೇಳಲಿಲ್ಲ ನಾನು.

ಏಪ್ರಿಲ್ 12, ಶನಿವಾರ

ತರಾತಾ ರಸ್ತೆಯಲ್ಲಿ ನಿಂತೇಬಿಟ್ಟಿತು. ಬುಸ್ಸೆಂದು ಹಬೆ. ಕೇಕನ್ನು ಟ್ಯಾಕ್ಸಿಯಲ್ಲಿ ಕಳಿಸಿ, ಕಾರನ್ನು ಲಾರಿಗೆ ಕಟ್ಟಿ ಎಳೆಸಿಕೊಂಡು ಬಂದೆವು.

ಸಿಪ್ರಿಯಾನೊ ಆಯಿಲ್ ಮುಚ್ಚಳ ತೆಗೆದು ತೋರಿಸಿದ. ಹಾಲು ಹಾಕಿದ ಕಾಫಿಯ ಬಣ್ಣ. ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಸುಟ್ಟಿದೆ, ನೀರೆಲ್ಲ ಆಯಿಲಿಗೆ ಇಳಿದಿದೆ.

"ಇದು ಇವತ್ತಾಗಿದ್ದಲ್ಲ ದೋನ್ಯಾ. ವಾರಗಟ್ಟಲೆ ಕುದ್ದಿದೆ. ಮುಳ್ಳು ಯಾರೂ ನೋಡ್ಲಿಲ್ವಾ?"

ನಾನು ರೆಂಬೆರ್ತೊನನ್ನು ನೋಡಿದೆ.

"ನೋಡ್ದೆ" ಎಂದ. "ಮಾರ್ಚಿಂದ ಏರ್ತಿತ್ತು."

"ಮತ್ತೆ ಮಧ್ಯ ಮಧ್ಯ ಅಂತಿದ್ಯಲ್ಲೋ!"

"ಏರಿದೆ ಅಂದಾಗ್ಲೆಲ್ಲ ನೀನು ಕಾರನ್ನ ಬಿಟ್ಟು ನನ್ನನ್ನ ಬೈತಿದ್ದೆ. ಮಧ್ಯ ಅಂದ್ರೆ ಮನೆ ತನಕ ಸುಮ್ನಿರ್ತಿದ್ದೆ. ಅಷ್ಟೇ ಬೇಕಿತ್ತು ನಂಗೆ."

ಆಮೇಲೆ ನಾನು ಅಂದದ್ದನ್ನು ಇಲ್ಲಿ ಬರೆಯಲಾರೆ. ಆದರೆ ಬೀದಿಯವರಿಗೆಲ್ಲ ಕೇಳಿಸಿತು.

ಏಪ್ರಿಲ್ 14, ಸೋಮವಾರ

ಸಾವಿರದ ಒಂಬೈನೂರು. ಹೆಡ್ ಸಮ ಮಾಡಿಸಬೇಕು, ಗ್ಯಾಸ್ಕೆಟ್ ಬೇರೆ, ಆಯಿಲ್ ಬೇರೆ. ಕಾರಿಗೆ ಕೊಟ್ಟದ್ದಕ್ಕಿಂತ ರಿಪೇರಿಗೆ ಸುರಿದದ್ದೇ ಹೆಚ್ಚಾಗುವ ಹೊತ್ತು ಬಂತು.

ರೆಂಬೆರ್ತೊ ಸಕಾಬಾದಲ್ಲಿರುವ ತನ್ನ ತಂಗಿ ನೀವೆಸ್ ಮನೆಗೆ ಹೋದ. ಹೂವು ಮಾಡುವ ಸಲಕರಣೆಯನ್ನೂ ಒಯ್ದಿದ್ದಾನೆ. ಅಂದರೆ ಎರಡು ದಿನದ ಮಾತಲ್ಲ.

ಏಪ್ರಿಲ್ 22, ಮಂಗಳವಾರ

ಕಾರು ಬಂತು. ಅವನು ಬರಲಿಲ್ಲ. ಪಕ್ಕದ ಮನೆ ಕ್ಲೆಯೋಫೆಯನ್ನು ಮೀಟರ್ ನೋಡಲು ಕೂರಿಸಿಕೊಂಡೆ.

"ಅಯ್ಯೋ ಬಿದ್ದೋಯ್ತು! ಕೆಳಗೇ ಬಿದ್ದೋಯ್ತು ದೆಲ್ಫಿ!"

"ಅದು ಪೆಟ್ರೋಲು ಕಣೇ! ಪಕ್ಕದ್ದು ನೋಡು! ಕಣ್ಣಿಲ್ವಾ?"

ಮಾರ್ಕೆಟ್ಟಿನ ಹತ್ತಿರ ಇಳಿದು ಬಾಗಿಲು ದಡಾರನೆ ಹಾಕಿದಳು. "ಆ ರೆಂಬೆರ್ತೊ ಹೇಗ್ ಕೂರ್ತಿದ್ನೋ ನಿನ್ ಪಕ್ಕ!" ಉಳಿದ ದಾರಿ ಒಬ್ಬಳೇ. ನಿಲ್ಲಿಸುವುದು, ಬಗ್ಗಿ ಮುಳ್ಳು ನೋಡುವುದು, ಹೊರಡುವುದು.

ಶನಿವಾರ ಕೊಲೋಮಿಯ ಮದುವೆ. ಮೂರಂತಸ್ತಿನ ಕೇಕ್, ಪೂರ್ತಿ ಬೆಟ್ಟ ಹತ್ತುವ ದಾರಿ. ನಾನು ಮಾಡಿದ ಸಕ್ಕರೆ ಗುಲಾಬಿ ಎಲೆಕೋಸಿನ ಹಾಗಿವೆ. ಅವನಿಲ್ಲದೆ ಮನೆಯಲ್ಲಿ ಬೈಯಲೂ ಯಾರಿಲ್ಲ. ಇಲ್ಲ, ಅದಲ್ಲ. ಅವನು ಬೇಕು ನನಗೆ. ಬರದೇ ಇದ್ದರೆ ಏನು ಮಾಡಲಿ?

ಏಪ್ರಿಲ್ 25, ಶುಕ್ರವಾರ

ಸಕಾಬಾಕ್ಕೆ ಹೋದೆ. ಕಡಲೆಕಾಯಿ ಸೂಪು ಕುಡಿಯುತ್ತಾ ಕೂತಿದ್ದ. ದಾರಿಯುದ್ದಕ್ಕೂ ಕ್ಷಮೆ ಕೇಳುವುದನ್ನೇ ಉರು ಹೊಡೆದಿದ್ದೆ. ಬಾಯಿಗೆ ಬಂದದ್ದು ಬೇರೆ.

"ನಾಳೆ ಕೊಲೋಮಿ. ಏರಿದ್ರೆ ಏರಿದೆ ಅನ್ನು. ಬೈಯಲ್ಲ."

"ನೀನು? ಬೈಯಲ್ಲ?" ನೀವೆಸ್ ಒಲೆಯ ಹತ್ತಿರದಿಂದಲೇ ಕಿಸಕ್ಕೆಂದಳು.

"ತಪ್ಪಾಯ್ತು ಕಣೋ" ಎಂದೆ. ಅಷ್ಟು ಸಣ್ಣ ದನಿ ನನ್ನದು ಅಂತ ನನಗೇ ಅನಿಸಲಿಲ್ಲ.

ಅವನು ಸೂಪು ಮುಗಿಸಿ, ಬಟ್ಟಲು ತೊಳೆದಿಟ್ಟು, ಒಳಗಿನಿಂದ ಚಪ್ಪಲಿ ಡಬ್ಬ ತಂದ. ಎಂಬತ್ತು ಗುಲಾಬಿ. ಕೊಲೋಮಿ ಕೇಕಿನದೇ.

"ಬೈಯೋದಾದ್ರೆ ಕಾರನ್ನ ಬೈ" ಎಂದ.

ಏಪ್ರಿಲ್ 26, ಶನಿವಾರ. ಕೊಲೋಮಿ ರಸ್ತೆ, ಬೆಳಿಗ್ಗೆ 10.40

ಕಾರು ನಿಂತಿದೆ. ಬಿಲ್ಲುಗಳನ್ನೂ ಇಡುವ ಈ ದಿನಚರಿ ಕಾರಿನಲ್ಲೇ ಇತ್ತು, ಬರೆಯುತ್ತಿದ್ದೇನೆ.

ಏರು ಶುರುವಾದಾಗ ಕೇಳಿದೆ. "ಮಧ್ಯ" ಎಂದ. ನಂಬುವುದು ಹೇಗೆ? ಹಲ್ಲು ಕಚ್ಚಿ ಓಡಿಸಿದೆ. ಮತ್ತೆ ಕೇಳಲಿಲ್ಲ. ಐದಾರು ತಿರುವಾದ ಮೇಲೆ ಅವನೇ "ದೆಲ್ಫಿ" ಎಂದ. "ಏರ್ತಿದೆ. ಕೆಂಪಿಗೆ ಒಂದು ಬೆರಳಿದೆ."

ಹೇಳಿ ಭುಜ ಕುಗ್ಗಿಸಿದ. ಏಟು ಬೀಳುತ್ತದೆ ಅಂತ ಮಕ್ಕಳು ಕುಗ್ಗಿಸುವ ಹಾಗೆ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೇನೆ, ಇದನ್ನು ನೋಡಿರಲೇ ಇಲ್ಲ. ನಾಚಿಕೆಯಾಯಿತು.

ಪಕ್ಕಕ್ಕೆ ತೆಗೆದು ನಿಲ್ಲಿಸಿದೆ. ಬೈಯಲಿಲ್ಲ.

ಬಾನೆಟ್ ಎತ್ತಿದರೆ ಪಂಪ್ ತಿರುಗಿಸುವ ಬೆಲ್ಟು ಸಡಿಲ. ಸಾವಿರದ ಒಂಬೈನೂರು ಎಣಿಸಿಕೊಂಡ ಸಿಪ್ರಿಯಾನೊಗೆ ಒಂದು ಬೆಲ್ಟು ಬಿಗಿಯಲು ಕೈ ಬರಲಿಲ್ಲ! ರೆಂಬೆರ್ತೊ ಬಿಗಿದ. ಕ್ಯಾನು ಹಿಡಿದು ಕೆಳಗಿನ ಮನೆಗೆ ನೀರಿಗೆ ಹೋಗುವ ಮುಂಚೆ ಕಿಟಕಿಯಲ್ಲಿ ತಲೆ ಹಾಕಿದ.

"ಏನೂ ಅನ್ನಲ್ವೇನೇ?"

"ಎಂಜಿನ್ ತಣ್ಣಗಾಗ್ಲಿ" ಎಂದೆ.

ಹನ್ನೊಂದಕ್ಕೆ ಕೇಕ್ ತಲುಪಬೇಕು. ತಲುಪುವುದಿಲ್ಲ. ಕೆನೆ ಒಂದು ಕಡೆ ಜಾರುತ್ತಿದೆ, ಗುಲಾಬಿಗಳು ಗಟ್ಟಿಯಾಗಿ ನಿಂತಿವೆ. ಕಾಲು ಗಂಟೆಯಾಯಿತು, ಇನ್ನೂ ಬೈದಿಲ್ಲ.

ಬರುತ್ತಿದ್ದಾನೆ. ಎರಡು ಕ್ಯಾನು. ಮುಚ್ಚಳ ಹಾಕಿಲ್ಲ. ಅರ್ಧ ನೀರು ದಾರಿಗೇ ಚೆಲ್ಲಿಕೊಂಡು, ಕ್ಯಾನು ಬೀಸಿಕೊಂಡು... ಅಯ್ಯೋ, ಈ ಮನುಷ್ಯನಿಗೆ ಒಂದು ಚೂರಾದರೂ—