ಕಡಲ ಗಾಳಿಗೆ ಹೋಗಿಬಂದದ್ದು

ಹನಗೋಡು
ತಾ. 14 ಮಾರ್ಚಿ 1935

ನನ್ನ ಮುದ್ದು ತಂಗಿ ಸುನಂದಳಿಗೆ, ಅಕ್ಕ ಕೆಂಪಾಜಿ ತಲೆ ಸವರಿ ಬರೆಯುವುದೇನೆಂದರೆ,

ಇಲ್ಲಿ ಎಲ್ಲರೂ ಉಂಡು ಉಸಿರಾಡಿಕೊಂಡಿದ್ದೇವೆ. ಮಿರ್ಲೆಯಲ್ಲಿ ಅಪ್ಪ, ಅವ್ವ, ನೀನು ಹೇಗಿದ್ದೀರಿ? ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆಂದು ಕೋಪ ಮಾಡಿಕೊಳ್ಳಬೇಡ. ಊರಲ್ಲಿರಲಿಲ್ಲ. ನಿನ್ನ ಭಾವನವರು ನನಗೆ ಸಮುದ್ರ ತೋರಿಸಲು ಕರೆದುಕೊಂಡು ಹೋಗಿದ್ದರು. ನಗಬೇಡ, ನಿಜ. ಅದಕ್ಕೂ ಮೊದಲು ಒಂದು ಮಾತು. ಯುಗಾದಿಯೊಳಗೆ ಅಪ್ಪ ನಿನ್ನ ಮದುವೆಯ ವಿಚಾರ ಎತ್ತುತ್ತಾರೆ. ಈ ಕಾಗದ ಕೊನೆಯವರೆಗೆ ಓದದೆ ಹೂಂ ಅನ್ನಬೇಡ.

ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನನ್ನು ಹುಣಸೂರು ಸಂತೆಗೂ ಕರೆದೊಯ್ಯದ ಮಹಾನುಭಾವರು, ಕಡಲ ಗಾಳಿ ತಗುಲಿದರೆ ಮಗುವಾಗುತ್ತದೆಂದು ಡಾಕ್ಟರು ಹೇಳಿದ್ದಾರೆ ಎಂದು ವಿರಾಜಪೇಟೆಯ ಮೇಲೆ ಬಸ್ಸಿನಲ್ಲಿ ಕಣ್ಣಾನೂರಿಗೆ ಹೊರಡಿಸಿದರು. ಘಟ್ಟ ಇಳಿಯುವಾಗ ನಾನು ಗಟ್ಟಿಯಾಗಿದ್ದೆ. ಅವರೇ ಕಿಟಕಿಯಾಚೆ ತಲೆ ಹಾಕಿ ಬೆಳಗಿನ ಮುದ್ದೆಯನ್ನೆಲ್ಲ ಕೊಡಗಿಗೆ ದಾನ ಮಾಡಿದರು.

ಸಮುದ್ರ ಎಂದರೆ ಏನೋ ಅಂದುಕೊಂಡಿದ್ದೆ. ಬಾಯಿಗೆ ಹಾಕಲಾಗದ, ಒಂದು ಗದ್ದೆಗೂ ಹಾಯಿಸಲಾಗದ ನೀರು. ಅಷ್ಟು ನೀರಿಟ್ಟುಕೊಂಡು ಒಂದು ಮಡಿ ಸೊಪ್ಪು ಬೆಳೆಯದ ದಂಡಪಿಂಡ. ಕಣ್ಣಾನೂರಲ್ಲಿ ದೊರೆಸಾನಿಯರು ದುಡ್ಡು ಕೊಟ್ಟು ಬಂದು ಮರಳ ಮೇಲೆ ಬಿಸಿಲು ಕಾಯುತ್ತಾರೆ. ಅವರನ್ನು ನೋಡಿ ನಮ್ಮವರೂ ಕೋಟು, ಅಂಗಿ ಬಿಚ್ಚಿ ಮಲಗಿದರು. ಸಂಜೆಗೆ ಬೆನ್ನು ಸುಟ್ಟ ಬದನೆಕಾಯಿ. ಮಾಹೆಯಲ್ಲಿ ಪರಂಗಿಯವರ ಔಷಧಿ ಎಂದು ಒಂದು ಸೀಸೆ ಕುಡಿದು, ಛತ್ರದ ಕಂಬವನ್ನೇ ನಮ್ಮ ಆಳು ನಂಜಣ್ಣನೆಂದು ತಿಳಿದು ಬೈದರು.

ತಲಚೇರಿಯಲ್ಲಿ ಒಂದು ರೇಷ್ಮೆ ಸೀರೆ ಕೊಂಡರು. ಗಿಳಿಹಸಿರು, ಕುಂಕುಮದ ಅಂಚು. ಊರಿಗೆ ಹೋಗುವವರೆಗೆ ಗಂಟು ಬಿಚ್ಚಕೂಡದು ಎಂದರು. ನಾನು ಪೆದ್ದಿ, ನನಗೇ ಎಂದು ಹಿಗ್ಗಿದೆ.

ಮರುದಿನ ಧರ್ಮಡದ ನಡುಗಡ್ಡೆ. ನೀರು ಇಳಿದಾಗ ಮರಳ ಮೇಲೆ ನಡೆದೇ ಹೋಗಬಹುದು. ದಡದಲ್ಲಿ ತೆಂಗಿನ ನಾರು ಬಡಿಯುತ್ತಿದ್ದ ಹೆಂಗಸೊಬ್ಬಳು ಸೂರ್ಯನನ್ನು ತೋರಿಸಿ, ತನ್ನ ಸೊಂಟ ಮುಟ್ಟಿ, ಮಲಯಾಳದಲ್ಲಿ ಏನೋ ಹೇಳಿದಳು. ನೀರು ಮತ್ತೆ ಏರುತ್ತದೆ, ಬೇಗ ಬನ್ನಿ ಎಂದು ನನಗೇ ಅರ್ಥವಾಯಿತು. ಇವರು ಮೀಸೆ ತಿರುವಿದರು.

"ಲಕ್ಷ್ಮಣತೀರ್ಥ ಹೊಳೆ ಕಂಡೋನ್ಗೆ ಇವ್ಳೇನ್ ಯೇಳಾದು? ಇಳ್ದ ನೀರು ಮಳೆ ಬರೋಗಂಟ ಏರಾಕಿಲ್ಲ ಕಣಮ್ಮಿ."

ಅಲ್ಲಿ ತೆಂಗಿನ ನೆರಳಲ್ಲಿ ಕೂತರು. ಛತ್ರದಲ್ಲಿ ಕಳ್ಳರಿದ್ದಾರೆಂದು ಸೀರೆಯ ಗಂಟನ್ನೂ ತಂದಿದ್ದರು. ಅದನ್ನು ತೊಡೆಯ ಮೇಲಿಟ್ಟುಕೊಂಡು, ಎಂದೂ ಇಲ್ಲದ ಅಕ್ಕರೆಯಿಂದ ಹೇಳಿದರು: "ಒಂದ್ ಮನೇಲಿ ಅಕ್ಕ ತಂಗಿ ಇದ್ರೆ ಜಗ್ಳ ಇರಾಕಿಲ್ಲ. ಸುನಂದನ್ನ ತಂದ್ಕತೀನಿ. ನಿಮ್ಮಪ್ಪ ಒಪ್ಪವ್ರೆ. ನೀನೊಂದು ಹೂಂ ಅಂದ್ಬುಡು."

ಡಾಕ್ಟರೂ ಇಲ್ಲ, ಗಾಳಿಯೂ ಇಲ್ಲ. ನನ್ನ ಬಾಯಿಂದ ಹೂಂ ಅನ್ನಿಸಲು ಇಷ್ಟು ದೂರ. ಎದೆ ಒಡೆದುಹೋಯಿತು ಸುನಂದ. ಸೀರೆಯ ಮರಳು ಕೊಡವಿ ಎದ್ದೆ.

ನೋಡುತ್ತೇನೆ, ಬಂದ ದಾರಿಯೇ ಇಲ್ಲ, ಎಲ್ಲ ನೀರು. ಲಕ್ಷ್ಮಣತೀರ್ಥ ಕಂಡವರ ಮೀಸೆ ಜೋತುಬಿತ್ತು. ಮೀನುಗಾರನ ಪುಟ್ಟ ದೋಣಿಯೊಂದು ಬಂತು, ಒಬ್ಬರಿಗಷ್ಟೇ ಜಾಗ. ನಾನು ಕಾಲೆತ್ತುವುದರೊಳಗೆ ಇವರು ಹತ್ತಿ ಕೂತಾಗಿತ್ತು, ಸೀರೆ ನೆನೆಯದಂತೆ ಗಂಟನ್ನು ತಲೆಯ ಮೇಲೆ ಹಿಡಿದುಕೊಂಡು. ನೀನು ಆಮೇಲೆ ಬಾ ಎಂದರು. ದೋಣಿಯವನೇ ನಾಚಿ ತಲೆ ತಗ್ಗಿಸಿದ. ಅವನು ಮತ್ತೆ ಬಂದು ನನ್ನನ್ನು ದಡಕ್ಕೆ ಮುಟ್ಟಿಸಿದಾಗ ಇವರು ಚಹಾ ಕುಡಿಯುತ್ತಿದ್ದರು.

ಇಂಥವರನ್ನು ಗಂಡ ಎಂದು ಕರೆಯುವ ಕರ್ಮ ನಮ್ಮ ಮನೆಯಲ್ಲಿ ಒಬ್ಬಳಿಗೆ ಸಾಕು, ನಾನಿದ್ದೇನೆ. ಅಪ್ಪನಿಗೆ ಒಲ್ಲೆ ಎನ್ನು. ಬೈದರೆ ಬೈಸಿಕೋ. ಅವ್ವನ ಕಾಲಿಗೆ ನನ್ನ ನಮಸ್ಕಾರ ಹೇಳು. ನೀರು ಏರುವಾಗ ಕೈ ಬಿಡದ ಗಂಡ ನಿನಗೆ ಸಿಗಲಿ, ತಾಯಿ ಚಾಮುಂಡಿ ನಿನ್ನ ಮಡಿಲು ತುಂಬಲಿ.

ನಿನ್ನ ಅಕ್ಕ,
ಕೆಂಪಾಜಮ್ಮ

ಇನ್ನೊಂದು: ಸೀರೆ ಪೆಟ್ಟಿಗೆಯಲ್ಲಿದೆ, ಯುಗಾದಿಗೆ ಇವರೇ ನಿನಗೆ ತರುತ್ತಾರೆ. ಗಿಳಿಹಸಿರಿಗೆ ಕುಂಕುಮದ ಅಂಚಿರುವ ಸೀರೆ ಉಡಬೇಕೆಂದು ಸಂಕ್ರಾಂತಿಯಲ್ಲಿ ನೀನು ನನ್ನ ಕಿವಿಯಲ್ಲಿ ಹೇಳಿದ್ದೆ. ನಾನು ಯಾರಿಗೂ ಹೇಳಿಲ್ಲ. ನಿಮಗೆ ಹೇಗೆ ಗೊತ್ತಾಯಿತು ಎಂದು ಇವರನ್ನು ಕೇಳಿದೆ. "ಅವ್ಳೇ ಕೇಳಿದ್ಲು" ಎಂದರು. ಇವರು ಸುಳ್ಳುಗಾರರೆಂದು ನನಗೆ ಗೊತ್ತು. ಆದರೂ ಅದು ಸುಳ್ಳೆಂದು ನೀನು ಒಂದು ಸಾಲು ಬರಿ. ಇವರನ್ನು ಹೀಗಳೆದುಕೊಂಡು ನಾನು ಹೇಗೋ ಬದುಕುತ್ತೇನೆ. ನಿನ್ನನ್ನು ಹೀಗಳೆಯಲು ನನ್ನಿಂದಾಗದು.